ಎರಡನೇ ಪಾಲುದಾರನ ಆಕ್ಷೇಪಣೆ

ಫತೇಗಂಜ್, ವಡೋದರಾ
8 ಡಿಸೆಂಬರ್ 2024

ಪರಮಪೂಜ್ಯ ಅಪ್ಪಾಜಿಯವರ ಸನ್ನಿಧಾನಕ್ಕೆ,

ನಿಮ್ಮ ಏಕಮಾತ್ರ ಪುತ್ರ ಮಂಥನ್ ಹಾಸ್ಟೆಲಿನ ನೆಲದ ಮೇಲೆ ಸಾಷ್ಟಾಂಗ ಬಿದ್ದು (ನೆಲ ಗುಡಿಸಿ ಮೂರು ದಿನವಾಗಿದೆ, ಆದರೂ ಬಿದ್ದು) ಅರಿಕೆ ಮಾಡಿಕೊಳ್ಳುವುದೇನೆಂದರೆ, ನೀವು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ಲಕೋಟೆ ನಿನ್ನೆ ಕೈ ಸೇರಿತು. ನಿಮ್ಮ ಕಿವಿಗೂ ಫೋನಿಗೂ ಜಗಳವಾದಾಗಿನಿಂದ ನಮ್ಮ ಮನೆಯ ಸಕಲ ವ್ಯವಹಾರವೂ ಕಾಗದದ ಮೇಲೆಯೇ ನಡೆಯುತ್ತಿದೆಯಲ್ಲ, ಹಾಗಾಗಿ ಅವ್ವ ಶೇಂಗಾ ಹೋಳಿಗೆ ಕಳಿಸಿರಬೇಕೆಂದು ಆಸೆಯಿಂದ ಒಡೆದೆ. ಒಳಗಿದ್ದದ್ದು ಪಾಲುದಾರಿಕೆ ಸಂಸ್ಥೆಯ ನೋಂದಣಿ ಫಾರಂ. ರೂಮಿನಲ್ಲಿ ಕಾಯುತ್ತಿದ್ದ ಮೂವರ ಮುಖ ನೀವು ನೋಡಬೇಕಿತ್ತು.

ಫಾರಂ ಓದಿದೆ. ಬಿ.ಕಾಂ. ಕೊನೇ ವರ್ಷದ ವಿದ್ಯಾರ್ಥಿಯಾಗಿ, ಪರೀಕ್ಷೆಯ ಹಿಂದಿನ ದಿನ ಮಾತ್ರ ತೆರೆಯುವ ವಾಣಿಜ್ಯ ಕಾನೂನಿನ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದೆ. ಸಂಸ್ಥೆಯ ಹೆಸರು: ಚನ್ನಬಸಪ್ಪ ಅಂಡ್ ಸನ್ಸ್. ಸ್ಥಳ: ನರೋಡಾ, ಅಹಮದಾಬಾದ್. ಉದ್ಯೋಗ: ಪ್ರಯೋಗಾಲಯದ ಗಾಜಿನ ಉಪಕರಣಗಳ ತಯಾರಿಕೆ. ಪಾಲುದಾರರು ಇಬ್ಬರು: ಚನ್ನಬಸಪ್ಪ, ಮಂಥನ್ ಚನ್ನಬಸಪ್ಪ. ನನ್ನ ಸಹಿಯ ಜಾಗದಲ್ಲಿ ನಿಮ್ಮ ಪೆನ್ಸಿಲಿನ ಇಂಟು ಗುರುತು.

ಮೊದಲಿಗೆ ಒಂದು ಸೂಕ್ಷ್ಮ ವಿಚಾರ. 'ಸನ್ಸ್' ಎಂದಿದೆ. ನಾನು ಒಬ್ಬನೇ. ಇನ್ನೊಬ್ಬ ಎಲ್ಲಿದ್ದಾನೆ, ಏನು ಓದುತ್ತಿದ್ದಾನೆ, ಅವ್ವನಿಗೆ ಈ ವಿಷಯ ಗೊತ್ತೇ? ಗೊತ್ತಿಲ್ಲದಿದ್ದರೆ ಈ ಕಾಗದವನ್ನು ಅವಳ ಕೈಗೆ ಸಿಗದಂತೆ ಇಡತಕ್ಕದ್ದು.

ಆಮೇಲೆ ಉದ್ಯೋಗದ ಮಾತು. ಅಪ್ಪಾಜಿ, ನನಗೂ ಗಾಜಿಗೂ ಈವರೆಗೆ ಇರುವ ಸಂಬಂಧ ಒಡೆಯುವುದರದ್ದು ಮಾತ್ರ. ಆರನೇ ಕ್ಲಾಸಿನಲ್ಲಿ ಪಕ್ಕದ ಮನೆಯ ಕಿಟಕಿ, ಎಂಟನೆಯದರಲ್ಲಿ ನಿಮ್ಮ ಎರಡು ಫ್ಲಾಸ್ಕು. ನೀವು ಊರು ಬಿಟ್ಟು ಅಹಮದಾಬಾದಿಗೆ ಬಂದು, ಇಲ್ಲಿನ ಕೇಂದ್ರ ಸಂಶೋಧನಾಲಯದಲ್ಲಿ ಮೂವತ್ತನಾಲ್ಕು ವರ್ಷ ಬರ್ನರಿನ ಮುಂದೆ ಕೂತು ಗಾಜು ಊದಿದವರು. ನಿವೃತ್ತಿಯಾಗಿ ನರೋಡಾದಲ್ಲಿ ಶೆಡ್ ಹಾಕಿದ ದಿನದಿಂದ ನಿಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತು ಊದುತ್ತಿರುವವಳು ಅಕ್ಕ. ಆರು ವರ್ಷವಾಯಿತು. ಫಾರಮನ್ನು ಬೆಳಕಿಗೆ ಹಿಡಿದು, ತಿರುವಿಹಾಕಿ, ಮೂಸಿಯೂ ನೋಡಿದೆ. ಮಹಿಮಾ ಎಂಬ ಮೂರಕ್ಷರ ಎಲ್ಲೂ ಸಿಗಲಿಲ್ಲ.

ಆದಕಾರಣ ಎರಡನೇ ಪಾಲುದಾರನು ಸಹಿಯನ್ನು ಸದ್ಯಕ್ಕೆ ತಡೆಹಿಡಿದಿದ್ದಾನೆ.

ವಿಧೇಯ,
ಮಂಥನ್
(ಸನ್ಸ್‌ಗಳ ಪೈಕಿ ಸಿಕ್ಕಿರುವ ಒಬ್ಬ)


ನರೋಡಾ, ಅಹಮದಾಬಾದ್
17 ಡಿಸೆಂಬರ್ 2024

ಮಂಥನ್‌ಗೆ ಅಪ್ಪನ ಆಶೀರ್ವಾದ.

ನಾವೆಲ್ಲ ಆರಾಮ. ನಿನ್ನ ಪತ್ರ ಓದಿದೆ. ಅವ್ವನಿಗೂ ಓದಿ ಹೇಳಿದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ವಿಷಯ ಇಷ್ಟು. ಸೂರತ್ ಬಳಿಯ ಹಜೀರಾದ ಒಂದು ಕಾರ್ಖಾನೆಯ ಪ್ರಯೋಗಾಲಯಕ್ಕೆ ವರ್ಷವಿಡೀ ಗಾಜಿನ ಸಾಮಾನು ಪೂರೈಸುವ ಅವಕಾಶ ಇದೆ. ಅವರ ಪಟ್ಟಿಗೆ ಸೇರಲು ನೋಂದಾಯಿತ ಸಂಸ್ಥೆಯ ಪ್ರಮಾಣಪತ್ರ ಬೇಕು. ಏಪ್ರಿಲ್ 30 ಕೊನೇ ದಿನ. ಆರು ವರ್ಷ ನಾವು ಹೆಸರಿಲ್ಲದೇ ಕೆಲಸ ಮಾಡಿದ್ದೇವೆ. 'ಸಂಶೋಧನಾಲಯದ ಚಾಚಾ' ಎಂದರೆ ನರೋಡಾದಲ್ಲಿ ಸಾಕಾಗುತ್ತಿತ್ತು. ಹಜೀರಾದಲ್ಲಿ ಸಾಕಾಗುವುದಿಲ್ಲ.

ಫಾರಂ ತುಂಬಿದವರು ಹಸ್ಮುಖಭಾಯಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವರು. ಹೆಸರನ್ನೂ ಅವರೇ ಹೇಳಿದರು. "ಸಾಹೇಬ್, ಸನ್ಸ್ ಇದ್ದರೆ ಪಾರ್ಟಿ ನಂಬುತ್ತದೆ. ಮುದುಕ ಹೋದರೂ ಅಂಗಡಿ ಇರುತ್ತದೆ ಅಂತ ಲೆಕ್ಕ" ಎಂದರು. ಈ ರಸ್ತೆಯಲ್ಲಿ ನೂರು ಬೋರ್ಡ್ ಓದಿದರೆ ಎಪ್ಪತ್ತರಲ್ಲಿ ಸನ್ಸ್, ಉಳಿದದ್ದರಲ್ಲಿ ಬ್ರದರ್ಸ್.

ಮಹಿಮಾಳ ಹೆಸರು ಸೇರಿಸಬಹುದಿತ್ತು. ನಾಳೆ ಅವಳ ಮದುವೆಯಾಗುತ್ತದೆ. ವಿಳಾಸ ಬದಲಾಗುತ್ತದೆ. ಪಾಲುದಾರರು ಬದಲಾದಾಗಲೆಲ್ಲ ಕಚೇರಿಗೆ ತಿಳಿಸಿ ಮತ್ತೆ ಫಾರಂ ಕೊಡಬೇಕು. ಒಂದೇ ಸಲ ಸರಿಯಾಗಿ ತುಂಬುವುದು ನನ್ನ ಪದ್ಧತಿ. ಅವಳು ಇದರ ಬಗ್ಗೆ ಏನೂ ಹೇಳಿಲ್ಲ.

ಸಹಿ ಮಾಡಿ ಕಳಿಸು. ನೀಲಿ ಶಾಯಿ ಬೇಡ, ಕಪ್ಪು.

ನಿನ್ನ ಅಪ್ಪ,
ಚನ್ನಬಸಪ್ಪ


ನರೋಡಾ
19 ಡಿಸೆಂಬರ್ 2024

ಮಂಥನ್,

ಫೋನಿನಲ್ಲಿ ಹೇಳಿದರೆ ನೀ ನಡುವೆ ನಗ್ತೀ, ಅದಕ್ಕ ನಾನೂ ಬರೀಲಿಕ್ಕತ್ತೀನಿ.

'ಅವಳು ಏನೂ ಹೇಳಿಲ್ಲ' ಅಂತ ಅಪ್ಪಾಜಿ ನಿನಗೆ ಬರೆದಾರಂತ. ಖರೇ. ಕೇಳಿದ್ದರ ಹೇಳ್ತಿದ್ದೆ. ಹಸ್ಮುಖಭಾಯಿ ಫಾರಂ ತುಂಬೋವಾಗ ನಾನು ಅಲ್ಲೇ ಮೂರು ಅಡಿ ದೂರದಾಗ ಕೂತು ಫ್ಲಾಸ್ಕಿಗೆ ಕುತ್ತಿಗೆ ಕೂಡಿಸ್ತಿದ್ದೆ. ಬರ್ನರ್ ಸಪ್ಪಳದಾಗ ಅಪ್ಪಾಜಿಗೆ ಏನೂ ಕೇಳಿಸಲ್ಲ. ನನಗ ಎಲ್ಲಾ ಕೇಳಿಸ್ತದ. ಹಸ್ಮುಖಭಾಯಿ ನನ್ನ ಕಡೆ ಬೆರಳು ಮಾಡಿ "ಬೇಟಿ?" ಅಂದ್ರು. ಅಪ್ಪಾಜಿ ಕೈ ಅಲ್ಲಾಡಿಸಿ ಬಿಟ್ರು, ನೊಣ ಓಡಿಸಿದ ಹಂಗ.

ನಿನಗೊಬ್ಬನಿಗೇ ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ. ಸೂರತ್ತಿನ ಒಂದು ಕಾಲೇಜಿನಾಗ ಗಾಜಿನ ವರ್ಕ್‌ಶಾಪಿಗೆ ಜನ ಬೇಕಾಗಿದ್ದರು. ಹೋಗಿ ಮಾಡಿ ತೋರಿಸಿ ಬಂದೀನಿ. ಕೆಲಸ ಸಿಕ್ಕೇತಿ. ಮಾರ್ಚ್ 17ಕ್ಕ ಸೇರಬೇಕು. ಹೂಂ ಅನ್ನಲೋ ಬ್ಯಾಡೋ ಅಂತ ಇನ್ನೂ ಬರೆದಿಲ್ಲ. ಈ ಶೆಡ್ ಬಿಟ್ಟು ಹೋಗೋ ಮನಸ್ಸಿಲ್ಲ. ಆದರ ಬೋರ್ಡಿನ ಮ್ಯಾಲ 'ಸನ್ಸ್' ಅಂತ ಬಂತಂದ್ರ, ಅದರ ಕೆಳಗ ಕೂತು ನಾನು ಊದೂದಿಲ್ಲ.

ನೀ ನನ್ನ ಪರವಾಗಿ ಕತ್ತಿ ಹಿಡಿದು ಕುಣೀಬ್ಯಾಡ. ಇಷ್ಟ ಹೇಳೂದಿತ್ತು. ಚಳಿ ಭಾಳ ಐತಿ, ಸ್ವೆಟರ್ ಹಾಕ್ಕೋ.

ಮಹಿಮಾ


ಫತೇಗಂಜ್
5 ಜನವರಿ 2025

ಸಂಸ್ಥೆಯ ಹಿರಿಯ ಪಾಲುದಾರರಾದ ಶ್ರೀಮಾನ್ ಚನ್ನಬಸಪ್ಪನವರಿಗೆ,

ವಿಷಯ: ಸಹಿ ನಿರಾಕರಣೆ. ಉಲ್ಲೇಖ: ನಿಮ್ಮ 17ನೇ ತಾರೀಖಿನ ಪತ್ರ.

ಮಹನೀಯರೇ, ಕಪ್ಪು ಶಾಯಿಯ ಪೆನ್ನು ಖರೀದಿಸಲಾಗಿದೆ. ಅದನ್ನು ನಾಲ್ಕು ಮಂದಿ ಸಾಕ್ಷಿಗಳ ಸಮ್ಮುಖದಲ್ಲಿ ಪರೀಕ್ಷಿಸಲಾಗಿದೆ. ಸೊಗಸಾಗಿ ಬರೆಯುತ್ತದೆ. ಆದರೆ ಫಾರಮ್ಮಿನ ಮೇಲೆ ಬರೆಯುವುದಿಲ್ಲ.

ಕಾನೂನು ಹೇಳುವುದನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಪಾಲುದಾರಿಕೆಗೆ ಕನಿಷ್ಠ ಇಬ್ಬರು ಬೇಕು, ಎಲ್ಲ ಪಾಲುದಾರರೂ ಸಹಿ ಮಾಡಬೇಕು. ಇಡೀ ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಒಪ್ಪಿಗೆ ಇಲ್ಲದೆ ಈ ಮನೆಯಲ್ಲಿ ಒಂದು ಕೆಲಸ ನಿಂತಿದೆ. ಈ ಅಪರೂಪದ ಸ್ಥಾನಮಾನವನ್ನು ಹತ್ತು ದಿನವಾದರೂ ಅನುಭವಿಸಲು ಅನುವು ಮಾಡಿಕೊಡಿ.

ಹೆಸರಿಲ್ಲದೆ ಅಡಚಣೆಯಾಗಬಾರದೆಂದು ಬದಲಿ ಹೆಸರುಗಳನ್ನೂ ಯೋಚಿಸಿದೆ. 'ಗಾಜು ಸಾಮ್ರಾಟ್' ಚೆನ್ನಾಗಿತ್ತು. ಆದರೆ ಚಕ್ರವರ್ತಿ, ರಾಜ, ರಾಣಿ ಮುಂತಾದ ಮಾತುಗಳನ್ನು ಸರ್ಕಾರದ ಅನುಮತಿಯಿಲ್ಲದೆ ಸಂಸ್ಥೆಯ ಹೆಸರಿನಲ್ಲಿ ಹಾಕುವಂತಿಲ್ಲವೆಂದು ಪುಸ್ತಕದಲ್ಲಿದೆ. ಹೀಗಾಗಿ ನನ್ನ ಗಂಭೀರ ಸಲಹೆ: ಚನ್ನಬಸಪ್ಪ ಅಂಡ್ ಡಾಟರ್. ನರೋಡಾದ ನೂರು ಬೋರ್ಡುಗಳಲ್ಲಿ ಒಂದೇ ಒಂದು ಇರುತ್ತದೆ. ಜಾಹೀರಾತಿನ ಅಗತ್ಯವೇ ಬೀಳುವುದಿಲ್ಲ.

ಉತ್ತರಾಯಣಕ್ಕೆ ಬರುತ್ತೇನೆ. ಮಾತುಕತೆಯನ್ನು ಮಾಳಿಗೆಯ ಮೇಲೆ, ಗಾಳಿಪಟ ಹಾರಿಸುತ್ತ ಮುಂದುವರಿಸೋಣ. ಸೋತವರು ದಾರ ಸುತ್ತತಕ್ಕದ್ದು.

ತಮ್ಮ ಅಡಚಣೆ,
ಮಂಥನ್


ನರೋಡಾ
11 ಫೆಬ್ರವರಿ 2025

ಮಂಥನ್,

ಉತ್ತರಾಯಣದಾಗ ಗಾಳಿಪಟ ಹಾರಿದ್ವು, ಹೆಸರಿನ ಮಾತು ಬಗೆಹರೀಲಿಲ್ಲ. ಮೊನ್ನೆ ಶನಿವಾರ ನೀ ಮತ್ತ ಬಂದದ್ದು, ಆಡಿದ್ದು, ಅದೇ ಸಂಜೆಯ ರೈಲಿಗೆ ಓಡಿಹೋದದ್ದು ಎಲ್ಲಾ ಆತು. ಈಗ ನನ್ನ ಮಾತು ಕೇಳು.

ಹಜೀರಾದ ಖರೀದಿ ಸಾಹೇಬರು ಶೆಡ್ ನೋಡಲಿಕ್ಕೆ ಬರ್ತಾರಂತ ಒಂದು ವಾರದಿಂದ ನಾನೇ ಗೋಡೆ ಒರೆಸಿ, ಮಾಡಿದ ಮಾಲು ಸಾಲಾಗಿ ಜೋಡಿಸಿದ್ದೆ. ಅವರು ಬಂದು ಕೂತ ಮ್ಯಾಲ ಅಪ್ಪಾಜಿ ನನಗ "ಚಹಾ ತಗೊಂಡು ಬಾ" ಅಂದ್ರು. ಹೋದೆ. ತಿರುಗಿ ಬಂದಾಗ ನಾನು ಕಂಡದ್ದು ಏನು? ಅಪ್ಪಾಜಿಯ ಸ್ಟೂಲಿನ ಮ್ಯಾಲ ನೀನು. ಉರಿ ನೋಡಲಿಕ್ಕೆ ಹಾಕ್ಕೊಳ್ಳೋ ಅವರ ನೇರಳೆ ಕನ್ನಡಕ ತಲೆಕೆಳಗಾಗಿ ಹಾಕ್ಕೊಂಡು, ಶಹನಾಯಿ ಊದೋವರ ಹಂಗ ಗಲ್ಲ ಉಬ್ಬಿಸಿ, "ಸರ್, ಬೋರ್ಡಿನಾಗ ಬರೋ ಸನ್ ಅಂದ್ರ ನಾನೇ" ಅಂತಿದ್ದಿ. ಕೊಳವೆ ಒಂದು ಕಡೆ ಬಾತು, ಇನ್ನೊಂದು ಕಡೆ ಜೋತುಬಿದ್ದಿತ್ತು. ಆವಿ ತಣಿಸೋ ಕಂಡೆನ್ಸರ್ ಮಾಡಲಿಕ್ಕೆ ಹೋಗಿ ಪಡವಲಕಾಯಿ ಮಾಡಿದ್ದಿ. ಸಾಹೇಬರು ನಕ್ಕರು. ನೀನೂ ನಕ್ಕಿ.

ತಟ್ಟೆ ಕೆಳಗಿಟ್ಟು, ಹೊಸ ಕೊಳವೆ ತಗೊಂಡು, ಸುರುಳಿ ಸುತ್ತಿ, ಹೊರಕವಚ ಕೂಡಿಸಿ, ನಾನೇ ಮಾಡಿ ಕೊಟ್ಟೆ. ಸಾಹೇಬರು ಅದನ್ನ ಬೆಳಕಿಗೆ ಹಿಡಿದು ಭಾಳ ಹೊತ್ತು ನೋಡಿದ್ರು. "ಇವರು ಯಾರು?" ಅಂದ್ರು.

ಅಪ್ಪಾಜಿ ಏನಂದ್ರು, ನೆನಪೈತಿ? "ಮಗಳು. ಸಹಾಯ ಮಾಡ್ತಾಳ."

ಆ ಮಾತಿಗೆ ನಾನು ಎದೆಗುಂದಲಿಲ್ಲ. ಅದು ಹಳೇದು. ಸಿಟ್ಟು ಬಂದದ್ದು ನಿನ್ನ ಮ್ಯಾಲ. ನಿನ್ನ ಜೋಕಿಗೆ ಒಬ್ಬಾಕಿ ಬೇಕಾಗಿತ್ತು, ಕಡೀಕೆ ಬಂದು ಎಲ್ಲಾ ಸರಿ ಮಾಡಾಕಿ. ಮೊದಲೇ ನನ್ನನ್ನ ಕೂಡಿಸಿದ್ದರ ಆಗ್ತಿದ್ದಿಲ್ಲೇನು?

ಆ ರಾತ್ರಿ ಊಟಕ್ಕ ಕೂತಾಗ ಅಪ್ಪಾಜಿ, "ಅವನ ಹಟದಂತೆ ಅಂಡ್ ಡಾಟರ್ ಅಂತಲೇ ಮಾಡೋಣ ಬಿಡು" ಅಂದ್ರು. ನಾನು ಬ್ಯಾಡ ಅಂದೆ. ಸನ್ ಬ್ಯಾಡ, ಡಾಟರ್ ಬ್ಯಾಡ. ಯಾರ ಮಗಳು ಅಂತ ಬೋರ್ಡಿನ ಮ್ಯಾಲ ಬರೆಸ್ಕೊಳ್ಳಾಕ ಅದೇನು ಲಗ್ನದ ಕಾರ್ಡೇನು? ಅದೂ ನಿನ್ನ ಹಟಕ್ಕ, ನನ್ನ ಕೆಲಸಕ್ಕಲ್ಲ. ಅವ್ವ "ಸುಮ್ಮನ ಹೂಂ ಅನ್ನವಾ" ಅಂದಳು. ನಾನು ಎದ್ದು ಕೈ ತೊಳಕೊಂಡೆ.

ಸೂರತ್ತಿಗೆ 'ಬರ್ತೀನಿ' ಅಂತ ನಿನ್ನೆ ಬರೆದು ಹಾಕೀನಿ. ಮನ್ಯಾಗೂ ಹೇಳೀನಿ. ಅಪ್ಪಾಜಿ ಕೊಳವೆ ಅಳೀತಾ ಕೂತ್ರು. ಕೇಳಿಸಿತೋ ಇಲ್ಲೋ ಗೊತ್ತಿಲ್ಲ.

ಮಹಿಮಾ


ಫತೇಗಂಜ್
16 ಫೆಬ್ರವರಿ 2025

ಅಕ್ಕಾ,

ನಿನ್ನ ಪತ್ರ ಮೂರು ಸಲ ಓದಿದೆ. ಉತ್ತರಕ್ಕೆ ಒಂದು ತಮಾಷೆಯ ಪತ್ರ ಬರೆದು ಹರಿದು ಹಾಕಿದೆ. ಇದು ಎರಡನೆಯದು.

ನೀನು ಚಹಾಕ್ಕೆ ಹೋಗಿದ್ದಾಗ ನಡೆದದ್ದು ನಿನಗೆ ಗೊತ್ತಿಲ್ಲ. ಸಾಹೇಬರು "ಯಜಮಾನರೇ, ಒಂದು ಕಂಡೆನ್ಸರ್ ಮಾಡಿ ತೋರಿಸಿ" ಎಂದರು. ಅಪ್ಪಾಜಿ ಕನ್ನಡಕ ಹಾಕಿಕೊಂಡು ಕೂತರು. ಬರ್ನರ್ ಹೊತ್ತಿಸಿದರು. ಕೊಳವೆ ಎತ್ತಿದರು. ಅವರ ಎಡಗೈ ಉರಿಯ ಹತ್ತಿರ ಹೋಗಿ ನಿಲ್ಲಲಿಲ್ಲ ಅಕ್ಕಾ. ಕೊಳವೆಯ ತುದಿ ಹೀಗೆ ಹೀಗೆ ಆಡುತ್ತಿತ್ತು. ಅವರು ಕೆಳಗಿಟ್ಟರು, ಮತ್ತೆ ಎತ್ತಿದರು, ಮತ್ತೆ ಇಟ್ಟರು. ಸಾಹೇಬರು ಫೋನು ನೋಡುತ್ತಿದ್ದರು, ಇನ್ನೇನು ತಲೆ ಎತ್ತುವುದರಲ್ಲಿದ್ದರು. ನನಗೆ ಬೇರೇನೂ ಹೊಳೆಯಲಿಲ್ಲ. ಕನ್ನಡಕ ಕಿತ್ತುಕೊಂಡು ಅವರನ್ನು ಸ್ಟೂಲಿನಿಂದ ಎಬ್ಬಿಸಿದೆ. ತಲೆಕೆಳಗಾಗಿ ಹಾಕಿಕೊಂಡದ್ದು ಮಾತ್ರ ಬೇಕಂತಲೇ ಅಲ್ಲ.

ನಿನಗೆ ಅವರ ಕೈ ವಿಷಯ ಎಷ್ಟು ದಿನದಿಂದ ಗೊತ್ತು? ಸುರುಳಿಗಳನ್ನೆಲ್ಲ ಎಷ್ಟು ದಿನದಿಂದ ನೀನೇ ಸುತ್ತುತ್ತಿದ್ದೀ? ಕೇಳುತ್ತಿದ್ದೇನೆ ಅಷ್ಟೇ, ಉತ್ತರ ಬರೆಯಬೇಕೆಂದಿಲ್ಲ.

ಇಷ್ಟಾದರೂ ನೀನು ಹೇಳಿದ್ದು ಸರಿ. ನಾನು ಬಾಗಿಲಿಗೆ ಬಂದು ನಿನ್ನನ್ನು ಕೂಗಬಹುದಿತ್ತು. 'ಅಂಡ್ ಡಾಟರ್' ಅಂತ ಬರೆಯುವ ಮೊದಲೂ ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಸೂರತ್ತಿನಲ್ಲಿ ರೂಮು ಹುಡುಕಬೇಕಾದರೆ ನನ್ನ ಕ್ಲಾಸಿನವರೊಬ್ಬರ ಮನೆ ಅಲ್ಲೇ ಇದೆ. ಸಾಮಾನು ಸಾಗಿಸಲು ಬರುತ್ತೇನೆ, ಗಾಜು ಮಾತ್ರ ಮುಟ್ಟುವುದಿಲ್ಲ.

ಮಂಥನ್


ಫತೇಗಂಜ್
16 ಫೆಬ್ರವರಿ 2025

ಅಪ್ಪಾಜಿ,

ಫಾರಂ ವಾಪಸ್ ಕಳಿಸುತ್ತಿದ್ದೇನೆ. ಸಹಿ ಮಾಡಿಲ್ಲ. ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದೇನೆ, ನೀವು ಕಲಿಸಿದ ಹಾಗೆ. ಕಪ್ಪು ಶಾಯಿ.

ನಾನು ಗಾಜಿನ ಕೆಲಸಕ್ಕೆ ಬರುವುದಿಲ್ಲ ಅಪ್ಪಾಜಿ. ನಿಮಗೂ ಇದು ಗೊತ್ತು. ಬರುವವಳು ಮಾರ್ಚ್ 17ಕ್ಕೆ ಸೂರತ್ತಿಗೆ ಹೊರಡುತ್ತಿದ್ದಾಳೆ. ಅವಳನ್ನು ನೀವೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪರೀಕ್ಷೆ ಹತ್ತಿರ ಬಂದಿದೆ. ಅವ್ವನಿಗೆ ಹೇಳಿ, ಊಟ ಸರಿಯಾಗಿ ಮಾಡುತ್ತಿದ್ದೇನೆ.

ಮಂಥನ್


ನರೋಡಾ
14 ಮಾರ್ಚ್ 2025

ಮಂಥನ್‌ಗೆ ಅಪ್ಪನ ಆಶೀರ್ವಾದ.

ಉತ್ತರ ಬರೆಯಲು ತಡವಾಯಿತು. ಆದ ಕೆಲಸವನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ನಿನ್ನ ಪತ್ರ ಬಂದ ಮೇಲೆ ಎರಡು ವಾರ ಯೋಚಿಸಿದೆ. ನಮ್ಮ ಸಂಶೋಧನಾಲಯದಲ್ಲಿ ಒಂದು ನಿಯಮವಿತ್ತು. ವರದಿಯಲ್ಲಿ ತಪ್ಪು ಅಂಕಿ ಹೋದರೆ ಬಾಯಲ್ಲಿ ಹೇಳಿ ಸರಿಪಡಿಸುವಂತಿಲ್ಲ. ತಪ್ಪು ಯಾರಿಗೆ ಹೋಗಿದೆಯೋ ಅವರಿಗೇ ತಿದ್ದುಪಡಿ ಬರೆದು, ಸಂಬಂಧಪಟ್ಟವರಿಗೆ ಪ್ರತಿ ಕಳಿಸಬೇಕು. ಮೂವತ್ತನಾಲ್ಕು ವರ್ಷದಲ್ಲಿ ನಾನು ಅಂಥ ಕಾಗದ ಎರಡು ಸಲ ಬರೆದಿದ್ದೆ. ಮಾರ್ಚ್ 3ರಂದು ಮೂರನೆಯದು ಬರೆದೆ.

ಹಜೀರಾದ ಖರೀದಿ ಸಾಹೇಬರಿಗೆ ಬರೆದದ್ದು ಹೀಗೆ: "ಫೆಬ್ರವರಿ 8ರಂದು ತಾವು ಭೇಟಿಯಿತ್ತಾಗ, ಕಂಡೆನ್ಸರ್ ತಯಾರಿಸಿದವರ ಬಗ್ಗೆ 'ಸಹಾಯ ಮಾಡುತ್ತಾಳೆ' ಎಂದು ನಾನು ಹೇಳಿದ ಮಾಹಿತಿ ತಪ್ಪು. 2023ರ ಜನವರಿಯಿಂದ ಈ ಶೆಡ್ಡಿನ ಎಲ್ಲ ಸೂಕ್ಷ್ಮ ಕೆಲಸವನ್ನು ಕುಮಾರಿ ಮಹಿಮಾ ಒಬ್ಬರೇ ಮಾಡುತ್ತಿದ್ದಾರೆ. ಕೈ ನಡುಗುವ ಕಾರಣ ನಾನು ಈಗ ಕೊಳವೆ ಕತ್ತರಿಸುವುದು, ಅಳೆಯುವುದು, ಪ್ಯಾಕ್ ಮಾಡುವುದು ಮಾಡುತ್ತೇನೆ. ದಾಖಲೆಯಲ್ಲಿ ತಿದ್ದಿಕೊಳ್ಳಬೇಕಾಗಿ ವಿನಂತಿ." ಕೆಳಗೆ 'ಪ್ರತಿ: ಕುಮಾರಿ ಮಹಿಮಾ' ಎಂದು ಹಾಕಿ, ಆ ಪ್ರತಿಯನ್ನು ಅವಳ ಬರ್ನರಿನ ಪಕ್ಕ ಇಟ್ಟೆ.

ಅವಳು ಓದಿದಳು. ಮಡಿಚಿ ಜೇಬಿಗೆ ಹಾಕಿಕೊಂಡಳು. ಮಧ್ಯಾಹ್ನದವರೆಗೆ ಫ್ಲಾಸ್ಕ್ ಊದಿದಳು. ಊಟವಾದ ಮೇಲೆ ಹೊಸ ಫಾರಂ ಅವಳ ಮುಂದಿಟ್ಟು, "ಹೆಸರು ಏನು ಇಡಬೇಕು?" ಎಂದು ಕೇಳಿದೆ. ಅವಳು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಬರ್ನರ್ ಆರಿಸಿ ಜೋರಾಗಿ, "ಸೂರತ್ತಿಗೆ ಹೋಗೋದು ಬ್ಯಾಡ ಅಂತ ನೀವು ಬಾಯಿಬಿಟ್ಟು ಹೇಳ್ರಿ ಮೊದಲು" ಎಂದಳು. ಹೇಳಿದೆ. "ಇನ್ನೊಮ್ಮೆ" ಎಂದಳು. ಇನ್ನೊಮ್ಮೆಯೂ ಹೇಳಿದೆ. ಪಕ್ಕದ ಶೆಡ್ಡಿನವರು ಇಣುಕಿ ನೋಡಿ ಹೋದರು.

ಆಮೇಲೆ ಫಾರಂ ಅವಳೇ ತುಂಬಿದಳು. ಸಂಸ್ಥೆಯ ಹೆಸರು: ಮಹಿಮಾ ಸೈಂಟಿಫಿಕ್ ಗ್ಲಾಸ್. ಮೊದಲನೇ ಪಾಲುದಾರಳು ಅವಳು, ಎರಡನೆಯವನು ನಾನು. ಪಾಲುದಾರಿಕೆಯ ಅವಧಿ ಎಂಬ ಕಡೆ ನಾನು ಇಪ್ಪತ್ತು ವರ್ಷ ಎಂದೆ. ಅವಳು 'ಪಾಲುದಾರರ ಇಚ್ಛೆ ಇರುವವರೆಗೆ' ಎಂದು ಬರೆದಳು. ಕಾನೂನಿನಲ್ಲಿ ಅದಕ್ಕೂ ಅವಕಾಶವಿದೆ ಎಂದು ಹಸ್ಮುಖಭಾಯಿ ಹೇಳಿದರು. ಹೆಸರು ನೋಡಿ ಅವರಿಗೆ ಸಮಾಧಾನವಾಗಲಿಲ್ಲ. "ಸಾಹೇಬ್, ನಾಳೆ ಹುಡುಗಿಯ ಶಾದಿ ಆದರೆ?" ಎಂದರು. "ಆದರೆ ಊಟಕ್ಕೆ ನಿಮ್ಮನ್ನು ಕರೆಯುತ್ತೇವೆ" ಎಂದಳು. ಅವಳ ಮಾತು ಇತ್ತೀಚೆಗೆ ನಿನ್ನ ಹಾಗೆ ಆಗುತ್ತಿದೆ.

ಮಾರ್ಚ್ 10ರಂದು ಅರ್ಜಿ ಸಲ್ಲಿಸಿದೆವು. ಸೂರತ್ತಿನ ಕಾಲೇಜಿಗೆ ಬರುವುದಿಲ್ಲವೆಂದು ಅವಳು ಬರೆದು ಹಾಕಿದ್ದಾಳೆ.

ಆ ಶನಿವಾರ ನೀನು ಸ್ಟೂಲಿನ ಮೇಲೆ ಯಾಕೆ ಕೂತೆ ಎಂಬುದು ನನಗೆ ಆಗಲೇ ತಿಳಿದಿತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕನ್ನಡಕದ ಒಂದು ಕಡ್ಡಿ ಸಡಿಲ ಮಾಡಿಟ್ಟಿದ್ದೀಯ.

ನಿನ್ನ ಅಪ್ಪ,
ಚನ್ನಬಸಪ್ಪ


ಫತೇಗಂಜ್
23 ಮಾರ್ಚ್ 2025

ಮಹಿಮಾ ಸೈಂಟಿಫಿಕ್ ಗ್ಲಾಸ್‌ನ ಮಾನ್ಯ ಮೊದಲನೇ ಪಾಲುದಾರಳಿಗೆ,

ಪದಚ್ಯುತ ಪಾಲುದಾರನ ಹಾರ್ದಿಕ ಅಭಿನಂದನೆಗಳು. ಸೇವಾವಧಿ ಮೂರು ತಿಂಗಳು. ಮಾಡಿದ ಸಹಿ ಸೊನ್ನೆ. ತಯಾರಿಸಿದ ಮಾಲು ಪಡವಲಕಾಯಿ ಒಂದು. ಪಿಂಚಣಿ ಏನಾದರೂ ಇದ್ದರೆ ಶೇಂಗಾ ಹೋಳಿಗೆಯ ರೂಪದಲ್ಲಿ ಮಂಜೂರು ಮಾಡತಕ್ಕದ್ದು. ರೂಮಿನಲ್ಲಿ ಅವಲಂಬಿತರು ಮೂವರಿದ್ದಾರೆ.

ಅಕ್ಕಾ, ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಅಪ್ಪಾಜಿ ಬರೆದರು, ಜನವರಿ 2023 ಅಂತ. ಎರಡು ವರ್ಷ ನೀನು ಒಬ್ಬರಿಗೂ ಹೇಳಲಿಲ್ಲವಲ್ಲ.

ಮಂಥನ್


ನರೋಡಾ
30 ಮೇ 2025

ಮಂಥನ್‌ಗೆ ಅಪ್ಪನ ಆಶೀರ್ವಾದ.

ಪ್ರಮಾಣಪತ್ರ ಏಪ್ರಿಲ್ 21ರಂದು ಬಂತು. 24ಕ್ಕೆ ಹಜೀರಾಕ್ಕೆ ಕಳಿಸಿದೆವು. ಪಟ್ಟಿಗೆ ಸೇರಿಸಿಕೊಂಡರು. ಮೊದಲ ಬೇಡಿಕೆ ನಲವತ್ತು ಕಂಡೆನ್ಸರ್, ಇಪ್ಪತ್ತು ಫ್ಲಾಸ್ಕ್. ಮಹಿಮಾ ಎಲ್ಲ ಮುಗಿಸಿದಳು. ಅವ್ವ ಹುಲ್ಲು, ಹಳೆಯ ಪೇಪರ್ ಹಾಕಿ ಪೆಟ್ಟಿಗೆ ಕಟ್ಟಿದಳು. ಒಂದೂ ಒಡೆಯಲಿಲ್ಲ.

ಮಾಲು ಮುಟ್ಟಿಸಲು ಮೊನ್ನೆ ಟೆಂಪೋದಲ್ಲಿ ನಾನೇ ಹೋಗಿದ್ದೆ. ಮಹಿಮಾಳಿಗೆ ಬರಲು ಬಿಡುವಿರಲಿಲ್ಲ, ಎರಡನೇ ಬೇಡಿಕೆ ಆಗಲೇ ಬಂದಿತ್ತು. ಕಾರ್ಖಾನೆಯ ಗೇಟಿನಲ್ಲಿ ದೊಡ್ಡ ಸಾಲು. ಇಲ್ಲಿ ಪದ್ಧತಿ ನಿನಗೂ ಗೊತ್ತು, ಮಾಲು ತಂದವನ ಹೆಸರು ಯಾರೂ ಕೇಳುವುದಿಲ್ಲ. ಚಲನ್ನಿನ ಮೇಲೆ ಯಾವ ಹೆಸರಿದೆಯೋ ಅದಕ್ಕೇ ಭಾಯಿ ಸೇರಿಸಿ ಕೂಗುತ್ತಾರೆ. ನನ್ನ ಮುಂದಿದ್ದವನು ಅಂಬಿಕಾ ಪಂಪ್ಸ್‌ನವನು, ಅವನನ್ನು ಅಂಬಿಕಾಭಾಯಿ ಎಂದು ಕೂಗಿದರು. ಮೀಸೆಯ ಮನುಷ್ಯ, ಎದ್ದು ಹೋದ.

ಆಮೇಲೆ ಕಾವಲಿನವನು ಕಿಟಕಿಯಿಂದ "ಮಹಿಮಾಭಾಯಿ! ಮಹಿಮಾಭಾಯಿ ಯಾರು?" ಎಂದು ಕೂಗಿದ.

ನನಗೆ ಮೊದಲನೇ ಸಲಕ್ಕೇ ಕೇಳಿಸಿತು. ಎದ್ದು ನಿಂತೆ. "ನಾನೇ" ಎಂದೆ.

ನಿನ್ನ ಅಪ್ಪ,
ಚನ್ನಬಸಪ್ಪ